ಹಳದಿ-ಕೆಂಪಿನ ನಡುವೆ ಬಿಳಿ ಬೇಕೆ? ನಾಡಬಾವುಟದ ಚರ್ಚೆ, ಕುಂದಾಪುರದ ಕಡೆಯಿಂದ ನೋಡಿದಂತೆ

ಸ್ವಾತಂತ್ರ್ಯೋತ್ಸವ, ರಾಜ್ಯೋತ್ಸವಗಳ ಹೊತ್ತಿಗೆ ಮಕ್ಕಳಿಂದ ಬಾವುಟದ ಚಿತ್ರ ಬಿಡಿಸುವುದು ನಮ್ಮ ಶಾಲೆಗಳಲ್ಲಿ ವಾಡಿಕೆ. ಇರುವ ಬಾವುಟ ಬೇಡ, ಇಲ್ಲದ ಬಾವುಟವೊಂದನ್ನು ನೀವೇ ಕಲ್ಪಿಸಿ ಬರೆಯಿರಿ ಎಂದರೆ ಮಕ್ಕಳು ಏನು ಬರೆದಾರು? ಯಾವ ಬಣ್ಣ, ಎಷ್ಟು ಪಟ್ಟಿ, ನಡುವೆ ಚಿಹ್ನೆ ಬೇಕೋ ಬೇಡವೋ, ಇದ್ದರೆ ಯಾರ ಚಿಹ್ನೆ? ಬರೆಯಲು ಕೂತ ಅರ್ಧ ಗಂಟೆಯಲ್ಲೇ ಇಷ್ಟೂ ಪ್ರಶ್ನೆಗಳು ಏಳುತ್ತವೆ. 2017ರಲ್ಲಿ ಕರ್ನಾಟಕ ಸರ್ಕಾರ ಒಂಬತ್ತು ಜನರ ಸಮಿತಿ ಮಾಡಿ ಕೇಳಿದ್ದೂ ಇವನ್ನೇ. ಉತ್ತರವಾಗಿ ಬಂದ ಬಾವುಟ ಇನ್ನೂ ಅಧಿಕೃತವಾಗಿ ಹಾರಿಲ್ಲ.

ಈ ಚರ್ಚೆಯನ್ನು ಬೆಂಗಳೂರಿನಿಂದ ನೋಡುವುದಕ್ಕೂ ಕುಂದಾಪುರ, ಬೈಂದೂರು, ಬ್ರಹ್ಮಾವರಗಳಿಂದ ನೋಡುವುದಕ್ಕೂ ವ್ಯತ್ಯಾಸವಿದೆ. ಇದು 1956ರ ತನಕ ಮದ್ರಾಸಿಗೆ ಸೇರಿದ್ದ ನೆಲ. ಬಸ್ರೂರಿನ ಪೇಟೆ ಮತ್ತು ಅದರ ಸುತ್ತಲಿನ ಅಳಿವೆ ಕೆಳದಿಯವರನ್ನು, ಪೋರ್ಚುಗೀಸರನ್ನು, ಹೈದರ್-ಟಿಪ್ಪು ಕಾಲವನ್ನು, 1799ರ ನಂತರ ಇಂಗ್ಲಿಷರನ್ನು ಕಂಡಿದೆ. ಕೆನರಾ ಜಿಲ್ಲೆ ಒಡೆದು ಉತ್ತರ ಭಾಗ 1862ರಲ್ಲಿ ಮುಂಬೈಗೆ ಹೋದಾಗ ಕುಂದಾಪುರ ತಾಲೂಕು ಮಾತ್ರ ಮದ್ರಾಸಿನಲ್ಲೇ ಉಳಿಯಿತು. ಇಷ್ಟು ಸಲ ಮೇಲಿನ ಬಾವುಟ ಬದಲಾದರೂ ಕೆಳಗಿನ ಜನ, ಅವರ ಮಾತು, ಗದ್ದೆ, ದೋಣಿ ಇದ್ದಲ್ಲೇ ಇದ್ದವು. ಇಂಥ ಕಡೆಯವರು ಬಾವುಟದ ಬಗ್ಗೆ ಮಾತಾಡುವಾಗ ಕೇಳುವ ಮೊದಲ ಪ್ರಶ್ನೆಯೇ ಬೇರೆ: ಇದನ್ನು ಏರಿಸುವವರು ಯಾರು?

ಲಾಂಛನ ಬೇರೆ, ಧ್ವಜ ಬೇರೆ

ನಾಡಧ್ವಜಕ್ಕೆ ಇತಿಹಾಸದ ಆಧಾರ ಹುಡುಕುವವರು ಸಾಮಾನ್ಯವಾಗಿ ರಾಜಮನೆತನಗಳ ಲಾಂಛನಗಳಿಗೆ ಕೈ ಹಾಕುತ್ತಾರೆ. ಚಾಲುಕ್ಯರ ವರಾಹ, ಗಂಗರ ಆನೆ, ಮೈಸೂರಿನ ಗಂಡಭೇರುಂಡ ಎಲ್ಲರಿಗೂ ಗೊತ್ತು. ಬ್ರಹ್ಮಾವರ ತಾಲೂಕಿನ ಬಾರಕೂರನ್ನು ರಾಜಧಾನಿ ಮಾಡಿಕೊಂಡಿದ್ದ ಆಳುಪರ ಜೋಡಿಮೀನು ಅಷ್ಟು ಪ್ರಸಿದ್ಧವಲ್ಲ. ನೂರಾರು ವರ್ಷ ಈ ಕರಾವಳಿಯನ್ನು ಆಳಿದ ಮನೆತನದ ಗುರುತು ಮೀನು ಎನ್ನುವುದಕ್ಕಿಂತ ಸಹಜವಾದದ್ದು ಇನ್ನೇನಿದೆ? ಆದರೂ ರಾಜ್ಯದ ಮಟ್ಟದ ಚರ್ಚೆಯಲ್ಲಿ ಅದರ ಹೆಸರು ಕೇಳಿಬಂದದ್ದು ಕಡಿಮೆ.

ಶಾಸನಗಳ ಬಿರುದಾವಳಿಗಳಲ್ಲಿ ಇನ್ನೂ ಮುಖ್ಯವಾದ ಸಂಗತಿಯೊಂದಿದೆ. ಅಲ್ಲಿ ಲಾಂಛನವೂ ಧ್ವಜವೂ ಬೇರೆ ಬೇರೆ. ಹಾನಗಲ್ಲಿನ ಕದಂಬರದು ಸಿಂಹಲಾಂಛನ, ಆದರೆ ವಾನರಧ್ವಜ. ಸವದತ್ತಿಯ ರಟ್ಟರದು ಸಿಂಧೂರ, ಅಂದರೆ ಆನೆಯ ಲಾಂಛನ, ಆದರೆ ಸುವರ್ಣಗರುಡಧ್ವಜ. ಲಾಂಛನ ಇರುವುದು ಮುದ್ರೆಯ ಮೇಲೆ, ತಾಮ್ರಪಟದ ಬಳೆಯ ಮೇಲೆ. ಅದನ್ನು ಹತ್ತಿರ ಹಿಡಿದು ನೋಡಬೇಕು. ಧ್ವಜವಾದರೋ ದಂಡಿನ ಮುಂದೆ ಹೋಗುವಂಥದ್ದು, ದೂರದಿಂದ ಕಂಡು ‘ಇವರು ಇಂಥವರು’ ಎಂದು ತಿಳಿಯಬೇಕಾದದ್ದು. ಎರಡರ ಕೆಲಸ ಬೇರೆಯಾದ್ದರಿಂದ ರೂಪವೂ ಬೇರೆಯಾಯಿತು. ಈ ವ್ಯತ್ಯಾಸವನ್ನು ನಮ್ಮ ಹಿರಿಯರು ಪಾಲಿಸಿಕೊಂಡು ಬಂದಿದ್ದರು ಎಂಬುದನ್ನು ನೆನಪಿಟ್ಟುಕೊಂಡು 2018ರ ಬಾವುಟವನ್ನು ನೋಡಬೇಕು.

ಕರಾವಳಿಯ ದೇವಸ್ಥಾನಗಳಲ್ಲಿ ಈ ತಿಳಿವಳಿಕೆ ಇಂದಿಗೂ ಇದೆ. ಜಾತ್ರೆ ಶುರುವಾಗುವುದೇ ಕೊಡಿಮರಕ್ಕೆ ಧ್ವಜ ಏರಿದ ಮೇಲೆ. ವಿಷ್ಣುವಿನ ಗುಡಿಯಾದರೆ ಗರುಡ, ಶಿವನ ಗುಡಿಯಾದರೆ ನಂದಿ. ಬಟ್ಟೆ ಮೇಲಕ್ಕೆ ಹೋಯಿತೆಂದರೆ ಅದು ಇಳಿಯುವ ತನಕ ಊರಿನವರು ಊರು ಬಿಟ್ಟು ಬೇರೆಡೆ ರಾತ್ರಿ ಕಳೆಯಬಾರದು ಎಂಬ ಕಟ್ಟುಪಾಡು ಹಿರಿಯರ ಬಾಯಲ್ಲಿ ಇನ್ನೂ ಇದೆ. ಇದನ್ನು ಯಾವ ಸರ್ಕಾರವೂ ಬರೆದದ್ದಲ್ಲ, ಜನರು ತಾವಾಗಿ ನಡೆಸಿಕೊಂಡು ಬಂದದ್ದು. ಆ ಬಟ್ಟೆಗೆ ಬಲ ಬಂದದ್ದೂ ಹಾಗೆಯೇ.

ದೇಶದ ಬಾವುಟಕ್ಕೂ ಹತ್ತಾರು ಕರಡುಗಳಿದ್ದವು

ತ್ರಿವರ್ಣಧ್ವಜ ಇಂದು ಎಷ್ಟು ಸ್ಥಿರವಾಗಿದೆಯೆಂದರೆ ಅದು ಬೇರೆ ರೀತಿ ಆಗಬಹುದಿತ್ತು ಎಂದು ಊಹಿಸುವುದೇ ಕಷ್ಟ. ಆದರೆ ಪಿಂಗಳಿ ವೆಂಕಯ್ಯ 1916ರಲ್ಲಿ ಪ್ರಕಟಿಸಿದ ಪುಸ್ತಿಕೆಯಲ್ಲಿ ಸುಮಾರು ಮೂವತ್ತು ಮಾದರಿಗಳಿದ್ದವು. 1921ರಲ್ಲಿ ಬೆಜವಾಡದಲ್ಲಿ ಗಾಂಧೀಜಿಗೆ ಅವರು ತೋರಿಸಿದ್ದು ಕೆಂಪು-ಹಸಿರಿನ ಬಾವುಟ. ಬಿಳಿ ಆಮೇಲೆ ಸೇರಿತು. ಬಣ್ಣಗಳಿಗೆ ಮತಗಳ ಅರ್ಥ ಹಚ್ಚಿದ್ದರಿಂದ ತಕರಾರು ಎದ್ದು, 1931ರಲ್ಲಿ ಕಾಂಗ್ರೆಸ್ ಏಳು ಜನರ ಧ್ವಜಸಮಿತಿ ಮಾಡಿತು. ಪಟ್ಟಾಭಿ ಸೀತಾರಾಮಯ್ಯ ಸಂಚಾಲಕರಾಗಿದ್ದ ಆ ಸಮಿತಿಯಲ್ಲಿ ಪಟೇಲ್, ನೆಹರೂ, ಆಜಾದ್, ತಾರಾ ಸಿಂಗ್, ಕಾಲೇಲ್ಕರ್ ಜೊತೆಗೆ ಹಿಂದೂಸ್ತಾನಿ ಸೇವಾದಳ ಕಟ್ಟಿದ ನಮ್ಮ ಹುಬ್ಬಳ್ಳಿಯ ನಾ.ಸು. ಹರ್ಡೀಕರ್ ಕೂಡ ಇದ್ದರು.

ಆ ಸಮಿತಿ ಕೊಟ್ಟ ಸಲಹೆ ಇಂದು ಓದಿದರೆ ಬೆರಗಾಗುತ್ತದೆ. ಬಾವುಟ ಪೂರ್ತಿ ಕೇಸರಿ, ಮೂಲೆಯಲ್ಲೊಂದು ಕಂದುಗೆಂಪು ಚರಕ. ಮತಗಳ ಲೆಕ್ಕ ಬೇಡವೆಂದು ಒಂದೇ ಬಣ್ಣ ಆರಿಸಿದ್ದರು. ಎಐಸಿಸಿ ಅದನ್ನು ಒಪ್ಪಲಿಲ್ಲ. ಜನ ಅಷ್ಟರಲ್ಲಿ ಮೂರು ಬಣ್ಣದ ಬಾವುಟ ಹಿಡಿದು ಜೈಲಿಗೆ ಹೋಗಿದ್ದರು, ಲಾಠಿ ತಿಂದಿದ್ದರು. ಮೂರು ಬಣ್ಣಗಳನ್ನೇ ಉಳಿಸಿ, ಕ್ರಮ ಬದಲಿಸಿ, ಅರ್ಥವನ್ನು ಮತಗಳಿಂದ ಗುಣಗಳ ಕಡೆಗೆ ತಿರುಗಿಸಿದರು. 1947ರ ಜುಲೈ 22ರಂದು ಸಂವಿಧಾನ ಸಭೆ ಚರಕದ ಜಾಗದಲ್ಲಿ ಚಕ್ರವನ್ನಿಟ್ಟು ಅದನ್ನು ಅಂಗೀಕರಿಸಿತು. ಜಾಣರ ಸಮಿತಿ ಒಳ್ಳೆಯ ತರ್ಕದಿಂದ ಮಾಡಿದ ಬಾವುಟ ಬಿದ್ದುಹೋಯಿತು, ಜನರ ಕೈಯಲ್ಲಿದ್ದದ್ದು ನಿಂತಿತು. ಕರ್ನಾಟಕದ ಚರ್ಚೆಗೆ ಇದಕ್ಕಿಂತ ಹತ್ತಿರದ ಪಾಠ ನನಗೆ ಕಾಣುವುದಿಲ್ಲ.

ಎರಡು ಬಾವುಟ ಒಟ್ಟಿಗೆ ಹಾರಬಹುದೇ ಎಂಬ ಪ್ರಶ್ನೆಯೂ ಕರ್ನಾಟಕಕ್ಕೆ ಹೊಸದಲ್ಲ. 1938ರ ಏಪ್ರಿಲಿನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ನಿಷೇಧ ಮುರಿದು ಕಾಂಗ್ರೆಸ್ ಬಾವುಟ ಹಾರಿಸಿದರು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಪೊಲೀಸರ ಗುಂಡಿಗೆ ಜನ ಸತ್ತರು. ಆ ನೆತ್ತರಿನ ನಂತರ ಮೈಸೂರಿನ ದಿವಾನ ಮಿರ್ಜಾ ಇಸ್ಮಾಯಿಲ್ ಮತ್ತು ಕಾಂಗ್ರೆಸ್ಸಿನ ಪಟೇಲರ ನಡುವೆ ಆದ ಒಪ್ಪಂದದಲ್ಲಿ ಸಮಾರಂಭಗಳಲ್ಲಿ ಮೈಸೂರಿನ ಬಾವುಟವನ್ನೂ ರಾಷ್ಟ್ರೀಯ ಬಾವುಟವನ್ನೂ ಜೊತೆಯಾಗಿ ಹಾರಿಸುವ ದಾರಿ ಕಂಡುಕೊಂಡರು.

ಮ. ರಾಮಮೂರ್ತಿಯವರ ಹಳದಿ-ಕೆಂಪು

ಈಗ ರಾಜ್ಯೋತ್ಸವದ ದಿನ ರಿಕ್ಷಾ ನಿಲ್ದಾಣಗಳಲ್ಲಿ, ಬಸ್ಸಿನ ಮುಂಗನ್ನಡಿಗಳಲ್ಲಿ, ಕನ್ನಡ ಸಂಘಗಳ ಕಂಬಗಳಲ್ಲಿ ಕಾಣುವ ಬಾವುಟ 1960ರ ದಶಕದ್ದು. ಕನ್ನಡ ಚಳವಳಿಯ ಸೇನಾನಿ, ಪತ್ರಕರ್ತ ಮ. ರಾಮಮೂರ್ತಿ ತಮ್ಮ ಕನ್ನಡ ಪಕ್ಷಕ್ಕಾಗಿ ಅದನ್ನು ರೂಪಿಸಿದರು. ಮೇಲೆ ಹಳದಿ, ಕೆಳಗೆ ಕೆಂಪು, ಅರಿಶಿನ-ಕುಂಕುಮದ ಬಣ್ಣ. ಮೊದಲು ನಡುವೆ ನಕ್ಷೆಯೂ ಇತ್ತು. ಕ್ರಮೇಣ ಅದು ಉದುರಿ ಬರಿಯ ಎರಡು ಬಣ್ಣ ಉಳಿಯಿತು. 1967ರ ಡಿಸೆಂಬರಿನಲ್ಲಿ ತಮ್ಮ ತೋಟದ ಬಾವಿ ಕುಸಿದು ರಾಮಮೂರ್ತಿ ಇಬ್ಬರು ಮಕ್ಕಳೊಂದಿಗೆ ತೀರಿಕೊಂಡರು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ತಾವು ಮಾಡಿದ ಬಾವುಟ ಆ ಹೆಸರಿನ ಜೊತೆ ಹಾರುವುದನ್ನು ಅವರು ನೋಡಲಿಲ್ಲ.

ಈ ಬಾವುಟ ಹುಟ್ಟಿದ್ದು ಬೆಂಗಳೂರಿನ ಬೀದಿಗಳಲ್ಲಿ ಕನ್ನಡಕ್ಕೆ ಜಾಗವಿಲ್ಲ ಎಂಬ ಸಂಕಟದಿಂದ. ಕುಂದಾಪುರದ ಪೇಟೆಯಲ್ಲಿ ಆ ಸಂಕಟ ಇರಲಿಲ್ಲ. ಇಲ್ಲಿ ಕುಂದಾಪ್ರ ಕನ್ನಡ, ಕೊಂಕಣಿ, ಬ್ಯಾರಿ, ಶಿರೂರಿನ ಕಡೆ ನವಾಯತಿ, ಬ್ರಹ್ಮಾವರದಿಂದ ತೆಂಕಕ್ಕೆ ಹೋದಂತೆ ದಟ್ಟವಾಗುವ ತುಳು, ಎಲ್ಲವೂ ಒಂದೇ ಮೀನುಪೇಟೆಯಲ್ಲಿ ಚೌಕಾಸಿ ಮಾಡಿಕೊಂಡಿದ್ದವು. ಹಾಗಿದ್ದೂ ಹಳದಿ-ಕೆಂಪು ಇಲ್ಲಿಗೆ ಬಂದು ಒಗ್ಗಿಕೊಂಡಿತು, ಯಾರ ಆದೇಶವೂ ಇಲ್ಲದೆ.

ಸರ್ಕಾರ ಕೈ ಹಾಕಿದ ಮೇಲೆ

ಆದೇಶಗಳು ಬಂದಾಗಲೆಲ್ಲ ಗೊಂದಲವೂ ಬಂತು. 2009ರಲ್ಲಿ ಸರ್ಕಾರಿ ಕಟ್ಟಡಗಳ ಮೇಲೆ ಕನ್ನಡ ಬಾವುಟ ಹಾರಿಸಬಾರದೆಂಬ ಸುತ್ತೋಲೆ. 2012ರಲ್ಲಿ, ಉಡುಪಿ-ಚಿಕ್ಕಮಗಳೂರಿನಿಂದ ಲೋಕಸಭೆಗೆ ಗೆದ್ದು ಆಮೇಲೆ ಮುಖ್ಯಮಂತ್ರಿಯಾದ ಡಿ.ವಿ. ಸದಾನಂದ ಗೌಡರ ಕಾಲದಲ್ಲಿ ಅದಕ್ಕೆ ತದ್ವಿರುದ್ಧ: ಹಾರಿಸಲೇಬೇಕೆಂಬ ಆದೇಶ. ವಿಷಯ ಹೈಕೋರ್ಟಿಗೆ ಹೋಗಿ ಸರ್ಕಾರ ಅದನ್ನೂ ಹಿಂತೆಗೆದುಕೊಂಡಿತು. ಪಾಟೀಲ ಪುಟ್ಟಪ್ಪನವರಂಥ ಹಿರಿಯರು ಕಾನೂನಿನ ಮಾನ್ಯತೆ ಇರುವ ಬಾವುಟ ಬೇಕೆಂದು ಒತ್ತಾಯಿಸಿದ ಮೇಲೆ 2017ರ ಜೂನ್‌ನಲ್ಲಿ ಸಿದ್ದರಾಮಯ್ಯ ಸರ್ಕಾರದ ಸಮಿತಿ ಬಂತು. 2018ರ ಮಾರ್ಚ್ 8ರಂದು ಹೊಸ ನಾಡಧ್ವಜದ ಅನಾವರಣವಾಯಿತು: ಹಳದಿ, ಬಿಳಿ, ಕೆಂಪು ಪಟ್ಟಿಗಳು, ಬಿಳಿಯ ನಡುವೆ ರಾಜ್ಯದ ಲಾಂಛನ. ಸಚಿವ ಸಂಪುಟ ಒಪ್ಪಿ ಕೇಂದ್ರಕ್ಕೆ ಕಳಿಸಿತು. ಎರಡು ತಿಂಗಳಿಗೆ ವಿಧಾನಸಭಾ ಚುನಾವಣೆ ಇತ್ತು. ಇದು ಚುನಾವಣೆಯ ಬಾವುಟ ಎಂದು ವಿರೋಧಿಗಳು ಹೇಳಲು ಅಷ್ಟು ಸಾಕಾಯಿತು.

ಒಂದು ದೇಶ, ಒಂದು ಬಾವುಟ

ರಾಜ್ಯಕ್ಕೆ ಬಾವುಟವೇ ಬೇಡ ಎನ್ನುವವರ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ತ್ರಿವರ್ಣಕ್ಕಾಗಿ ವಿದುರಾಶ್ವತ್ಥದಲ್ಲಿ, ಈಸೂರಿನಲ್ಲಿ ಜನ ಜೀವ ತೆತ್ತ ನಾಡಿದು. ಪಕ್ಕದಲ್ಲಿ ಇನ್ನೊಂದನ್ನು ನಿಲ್ಲಿಸಿದರೆ ನಿಷ್ಠೆ ಹಂಚಿಹೋಗುತ್ತದೆ ಎಂಬ ಅವರ ಅಂಜಿಕೆಗೆ ಈಶಾನ್ಯದಲ್ಲಿ ನಾಗಾ ಬಾವುಟದ ಬೇಡಿಕೆ ಮಾತುಕತೆಗಳನ್ನು ಕಗ್ಗಂಟು ಮಾಡಿದ ಉದಾಹರಣೆ ಇದೆ. ಪ್ರತ್ಯೇಕ ಬಾವುಟವಿದ್ದ ಏಕೈಕ ರಾಜ್ಯ ಜಮ್ಮು-ಕಾಶ್ಮೀರ, ನೇಗಿಲಿನ ಚಿಹ್ನೆಯ ಅದರ ಕೆಂಪು ಬಾವುಟವೂ 2019ರಲ್ಲಿ ಇಳಿಯಿತು. ಕಾನೂನಿನ ವಾದವೂ ಇವರಿಗಿದೆ: ಏಳನೇ ಅನುಸೂಚಿಯ ಯಾವ ಪಟ್ಟಿಯಲ್ಲೂ ರಾಜ್ಯದ ಬಾವುಟ ಇಲ್ಲ, ಪಟ್ಟಿಯಲ್ಲಿಲ್ಲದ ವಿಷಯ 248ನೇ ವಿಧಿಯ ಪ್ರಕಾರ ಸಂಸತ್ತಿಗೆ ಸೇರಿದ್ದು.

ಈ ವಾದ ವಿವರಿಸದೇ ಬಿಡುವ ಸಂಗತಿಯೊಂದಿದೆ. ಅರ್ಧ ಶತಮಾನಕ್ಕೂ ಮಿಕ್ಕಿ ಹಳದಿ-ಕೆಂಪು ಹಾರಿದೆ. ಅದರಿಂದ ಕನ್ನಡಿಗರ ದೇಶನಿಷ್ಠೆ ಎಲ್ಲಿ ಕಡಿಮೆಯಾಯಿತು? ದೇಶಕ್ಕೆ ಖಾದಿಯ ತ್ರಿವರ್ಣ ಹೊಲಿದು ಕೊಡುವುದೇ ಹುಬ್ಬಳ್ಳಿಯ ಬೆಂಗೇರಿಯ ಖಾದಿ ಸಂಘ. ಅದಕ್ಕೆ ಬೇಕಾದ ಬಟ್ಟೆ ನೇಯುವುದು ಧಾರವಾಡದ ಗರಗ ಮತ್ತು ಸುತ್ತಲಿನ ಕೈಗಳು. ಆ ಕೈಗಳೇ ನವೆಂಬರ್ ಒಂದಕ್ಕೆ ಹಳದಿ-ಕೆಂಪನ್ನೂ ಹಿಡಿಯುತ್ತವೆ.

ಒಕ್ಕೂಟದಲ್ಲಿ ಎರಡಕ್ಕೂ ಜಾಗವಿದೆ

ಎದುರು ಪಕ್ಷದವರ ಮೊದಲ ಮಾತು: ಸಂವಿಧಾನದಲ್ಲಿ ನಿಷೇಧವಿಲ್ಲ. 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆ, 1971ರ ರಾಷ್ಟ್ರಗೌರವಕ್ಕೆ ಅಪಮಾನ ತಡೆ ಕಾಯ್ದೆ, 2002ರ ಧ್ವಜ ಸಂಹಿತೆ ಇವು ಕಾಪಾಡುವುದು ರಾಷ್ಟ್ರಧ್ವಜದ ಗೌರವವನ್ನು. ಬೇರೆ ಬಾವುಟ ಅದಕ್ಕಿಂತ ಎತ್ತರದಲ್ಲಿ ಇರಕೂಡದು, ಗೌರವದ ಸ್ಥಾನ ರಾಷ್ಟ್ರಧ್ವಜಕ್ಕೇ ಎಂದು ಸಂಹಿತೆ ಹೇಳುತ್ತದೆ. ಬೇರೆ ಬಾವುಟ ಪಕ್ಕದಲ್ಲಿ ಇರಬಹುದೆಂದು ಒಪ್ಪಿಕೊಂಡ ಮೇಲೆ ತಾನೇ ಇಂಥ ನಿಯಮ? ಕನ್ನಡಿಗರೇ ಆದ ಎಸ್.ಆರ್. ಬೊಮ್ಮಾಯಿಯವರ ಹೆಸರಿನ 1994ರ ತೀರ್ಪನ್ನೂ ಇವರು ಮುಂದಿಡುತ್ತಾರೆ. ರಾಜ್ಯಗಳು ಕೇಂದ್ರದ ಬಾಲಗಳಲ್ಲ, ತಮ್ಮ ವ್ಯಾಪ್ತಿಯಲ್ಲಿ ಅವಕ್ಕೆ ಸ್ವಂತ ನೆಲೆಯಿದೆ ಎಂಬುದು ಆ ತೀರ್ಪಿನ ತಿರುಳು. ತಮಿಳುನಾಡಿನಲ್ಲಿ ಕರುಣಾನಿಧಿ 1970ರಲ್ಲೇ ಮೂಲೆಯಲ್ಲಿ ತ್ರಿವರ್ಣ ಇಟ್ಟುಕೊಂಡ ರಾಜ್ಯಧ್ವಜದ ಮಾದರಿ ತೋರಿಸಿದ್ದರು. ಜರ್ಮನಿಯ ರಾಜ್ಯಗಳಿಗೆ, ಸ್ವಿಟ್ಜರ್ಲೆಂಡಿನ ಪ್ರಾಂತಗಳಿಗೆ ಬಾವುಟಗಳಿವೆ, ಆ ದೇಶಗಳು ಒಡೆದಿಲ್ಲ.

ನನ್ನ ಮನಸ್ಸು ಇತ್ತ ವಾಲುತ್ತದೆ. ಆದರೆ ಇವರು ಕಾನೂನಿನ ಮಾನ್ಯತೆ ಬಂದರೆ ಎಲ್ಲವೂ ಬಗೆಹರಿಯಿತು ಎನ್ನುತ್ತಾರೆ, ನಿಜವಾದ ತೊಡಕು ಆಮೇಲೆ ಶುರುವಾಗುತ್ತದೆ. ಮಾನ್ಯತೆ ಬಂದ ಮೇಲೆ ನಿಯಮ ಬರುತ್ತದೆ: ಯಾರು, ಎಲ್ಲಿ, ಹೇಗೆ. ಹರಿದ ಬಾವುಟವನ್ನು ರಿಕ್ಷಾಕ್ಕೆ ಕಟ್ಟಿಕೊಂಡವನ ಮೇಲೆ ದೂರು ಬರಬಹುದು. ರಾಷ್ಟ್ರಧ್ವಜವನ್ನು ಸಾಮಾನ್ಯ ಪ್ರಜೆ ವರ್ಷದ ಎಲ್ಲ ದಿನ ಹಾರಿಸುವ ಹಕ್ಕಿಗಾಗಿ ಸುಪ್ರೀಂ ಕೋರ್ಟಿನ ತನಕ ಹೋಗಬೇಕಾಯಿತು, ತೀರ್ಪು ಬಂದದ್ದು 2004ರಲ್ಲಿ.

ರೂಪದ ಪ್ರಶ್ನೆ: ಮಗು ಬರೆಯಬಲ್ಲುದೇ?

ಬಾವುಟಗಳನ್ನು ಅಧ್ಯಯನ ಮಾಡುವವರಲ್ಲಿ ಈಗ ಚಾಲ್ತಿಯಲ್ಲಿರುವ ಸೂತ್ರಗಳು ಅಮೆರಿಕದ ಟೆಡ್ ಕೇ ಬರೆದ ಸಣ್ಣ ಕೈಪಿಡಿಯಿಂದ ಬಂದವು. ಮಗು ನೆನಪಿನಿಂದ ಬರೆಯುವಷ್ಟು ಸರಳವಾಗಿರಲಿ, ಚಿಹ್ನೆಗೆ ಅರ್ಥವಿರಲಿ, ಬಣ್ಣ ಎರಡು ಮೂರಕ್ಕೆ ಮಿಗದಿರಲಿ, ಅಕ್ಷರವೂ ಮುದ್ರೆಯೂ ಬೇಡ, ಬೇರೆಯವರದರಂತೆ ಕಾಣದಿರಲಿ. 2018ರ ನಾಡಧ್ವಜವನ್ನು ಈ ಒರೆಗೆ ಹಚ್ಚಿದರೆ ನಡುಭಾಗದಲ್ಲಿ ಸೋಲುತ್ತದೆ. ಅಲ್ಲಿರುವ ಲಾಂಛನದಲ್ಲಿ ಎರಡು ತಲೆಯ ಗಂಡಭೇರುಂಡ, ಅದರ ಎರಡೂ ಬದಿಗೆ ಆನೆಮೊಗದ ಸಿಂಹಗಳು, ಮೇಲೆ ಅಶೋಕ ಸ್ತಂಭದ ಸಿಂಹ, ಕೆಳಗೆ ‘ಸತ್ಯಮೇವ ಜಯತೇ’. ಕಾಗದದ ತಲೆಬರಹದಲ್ಲಿ ಇದು ಘನವಾಗಿ ಕಾಣುತ್ತದೆ. ಇಪ್ಪತ್ತಡಿ ಎತ್ತರದಲ್ಲಿ, ಗಾಳಿಗೆ ಮಡಚಿಕೊಂಡಾಗ ಕಾಣುವುದು ಒಂದು ಬಣ್ಣದ ಮಚ್ಚೆ. ಅಂಗಡಿಯಿಂದ ಹಳದಿ-ಕೆಂಪು ಬಟ್ಟೆ ತಂದು ಮನೆಯ ಹೊಲಿಗೆ ಯಂತ್ರದಲ್ಲಿ ಬಾವುಟ ಮಾಡುತ್ತಿದ್ದವರು ಇನ್ನು ಮುಂದೆ ಮುದ್ರಣದವರ ಬಳಿ ಹೋಗಬೇಕು. ನನ್ನ ದೊಡ್ಡ ಆಕ್ಷೇಪ ಇದೇ.

ಗಂಗೊಳ್ಳಿಯ ಬಂದರಿಗೆ ಹೋಗಿ ದೋಣಿಗಳ ಬಾವುಟ ನೋಡಿದರೆ ಈ ಸೂತ್ರಗಳು ಪುಸ್ತಕದವಲ್ಲ ಎಂದು ಗೊತ್ತಾಗುತ್ತದೆ. ಉಪ್ಪುಗಾಳಿ, ಬಿಸಿಲು, ಇಂಜಿನ್ ಹೊಗೆ ತಿಂದ ಬಟ್ಟೆಯಲ್ಲಿ ಸಣ್ಣ ಚಿತ್ರ ಉಳಿಯುವುದಿಲ್ಲ, ದಟ್ಟ ಬಣ್ಣ ಒಂದಿಷ್ಟು ಉಳಿಯುತ್ತದೆ. ಜೂನ್-ಜುಲೈಯ ಮೀನುಗಾರಿಕೆ ನಿಷೇಧ ಕಳೆದು ದೋಣಿ ಮತ್ತೆ ಇಳಿಯುವಾಗ ಹೊಸ ಬಾವುಟ ಕಟ್ಟಿದರೆ, ದಡದಲ್ಲಿ ನಿಂತವರಿಗೆ ಮೊದಲು ಕಣ್ಣಿಗೆ ಬೀಳುವುದೂ ಬಣ್ಣವೇ.

ಲಾಂಛನದ ಪರವಾದವರಿಗೂ ಉತ್ತರವಿಲ್ಲದಿಲ್ಲ. ಬರಿಯ ಹಳದಿ-ಕೆಂಪು ಮೂಲದಲ್ಲಿ ಒಂದು ಪಕ್ಷದ್ದು, ನಾಡಿನ ಗುರುತು ಅದರಲ್ಲಿ ಎಲ್ಲಿದೆ ಎಂದು ಅವರು ಕೇಳುತ್ತಾರೆ. ಗಂಡಭೇರುಂಡ ಮೈಸೂರು ಅರಸರದ್ದಷ್ಟೇ ಅಲ್ಲ, ಬಳ್ಳಿಗಾವಿಯಲ್ಲಿ 1047ರಲ್ಲೇ ಅದರ ಕಂಬ ನಿಂತಿತ್ತು, ಬಸ್ರೂರನ್ನು ಆಳಿದ ಕೆಳದಿಯವರ ಗುಡಿಯ ಮಾಡಿನಲ್ಲೂ ಅದು ಇದೆ ಎಂಬ ಮಾತು ನಿಜ. ನಡುವಿನ ಬಿಳಿ ಶಾಂತಿಯ ಗುರುತು ಎಂಬುದು ಸರ್ಕಾರದ ವಿವರಣೆ. ಆದರೆ ವಾಟಾಳ್ ನಾಗರಾಜ್‌ರಂಥ ಹಳೆಯ ಚಳವಳಿಗಾರರೇ ಬಿಳಿಯನ್ನು ಒಪ್ಪಲಿಲ್ಲ. ನ್ಯೂಜಿಲೆಂಡಿನಲ್ಲಿ 2015ರಲ್ಲಿ ಸಾರ್ವಜನಿಕರಿಂದ 10,292 ಮಾದರಿಗಳು ಬಂದವು, ಎರಡು ಜನಮತಗಣನೆ ನಡೆದವು, ಕೊನೆಗೆ ಶೇ. 56.6 ಮಂದಿ ಹಳೆಯದೇ ಇರಲಿ ಎಂದರು. ಆ ಹೋಲಿಕೆಯಲ್ಲಿ ನಮ್ಮಲ್ಲಿ ಸಾಮಾನ್ಯ ಜನರಿಂದ ಮಾದರಿ ಕೇಳಿದ್ದೂ ಇಲ್ಲ, ಮತ ಕೇಳಿದ್ದೂ ಇಲ್ಲ.

‘ನಮ್ಗೂ ಒಂದ್ ಬಾವುಟ ಬೇಕಲ್ದಾ?’

ರಾಜ್ಯಕ್ಕೆ ಬಾವುಟ ಇರಬಹುದಾದರೆ ಸೀಮೆಗೆ ಏಕಿರಬಾರದು? ತುಳು ಸಂಘಟನೆಗಳು ಸೂರ್ಯ-ಚಂದ್ರರ ಬಾವುಟ ಹಿಡಿದಿವೆ. ಉತ್ತರ ಕರ್ನಾಟಕದ ಪ್ರತ್ಯೇಕತೆಯ ಗುಂಪುಗಳು ನವೆಂಬರ್ 1ರಂದು ತಮ್ಮ ಬಾವುಟ ಏರಿಸಲು ಹೋಗಿ ಪೊಲೀಸರ ಕೈಗೆ ಸಿಕ್ಕಿವೆ. ಬೆಳಗಾವಿಯಲ್ಲಿ ಕನ್ನಡ ಬಾವುಟ ಮತ್ತು ಭಗವಾ ಧ್ವಜ ಎದುರಾಬದುರಾ ನಿಂತಿವೆ, 2020ರ ಡಿಸೆಂಬರಿನಲ್ಲಿ ಪಾಲಿಕೆಯ ಮುಂದೆ ಕನ್ನಡ ಬಾವುಟ ಏರಿದಾಗ ದಿನಗಟ್ಟಲೆ ಬಿಗುವು ಇತ್ತು. ಕುಂದಾಪ್ರ ಕನ್ನಡಿಗರು ಆಸಾಡಿ ಅಮಾವಾಸ್ಯೆಯಂದು ತಮ್ಮ ಭಾಷೆಯ ದಿನ ಆಚರಿಸುತ್ತಾರೆ. ಅಲ್ಲಿ ಊಟ, ಆಟ, ಮಾತು ಇದೆ. ಬಾವುಟದ ಬೇಡಿಕೆ ದೊಡ್ಡದಾಗಿ ಎದ್ದಿಲ್ಲ. ಈ ಭಾಗದ ಜನ ತಮ್ಮತನವನ್ನು ಮಾತಿನ ಧಾಟಿಯಲ್ಲಿ ಗುರುತಿಸಿಕೊಂಡಿದ್ದಾರೆ, ಮುಂಬೈಯ ಹೋಟೆಲಿನಲ್ಲೂ ಒಂದು ವಾಕ್ಯ ಆಡಿದರೆ ಊರು ಗೊತ್ತಾಗಿಬಿಡುತ್ತದೆ.

ಆದರೂ ಬರೆದು ನೋಡುವುದರಲ್ಲಿ ತಪ್ಪೇನಿದೆ? ಸ್ನೇಹದ ಸ್ಪರ್ಧೆಗೆ ಇಲ್ಲಿನಷ್ಟು ಸಾಮಗ್ರಿ ಬೇರೆಡೆ ಸಿಗುವುದು ಕಷ್ಟ. ಮರವಂತೆಯನ್ನೇ ತೆಗೆದುಕೊಳ್ಳಿ. ಹೆದ್ದಾರಿ 66ರ ಪಡುವಣಕ್ಕೆ ಅರಬ್ಬಿ ಸಮುದ್ರ, ಮೂಡಣಕ್ಕೆ ಸೌಪರ್ಣಿಕೆ, ನಡುವೆ ಸಪೂರ ನೆಲ. ಒಂದು ಬದಿಗೆ ಕಡುನೀಲಿ, ಇನ್ನೊಂದು ಬದಿಗೆ ಹೊಳೆಯ ಹಸಿರು, ನಡುವೆ ಮರಳಿನ ಹಳದಿಯ ಕಿರಿದಾದ ಗೆರೆ ಎಂದು ಮೂರು ನಿಂತ ಪಟ್ಟಿ ಎಳೆದರೆ ಬೈಂದೂರಿನ ಮಗುವಿಗೆ ವಿವರಣೆಯೇ ಬೇಡ. ಕುಂದಾಪುರಕ್ಕೆ ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ಸೇರುವ ಪಂಚಗಂಗಾವಳಿ ಇದೆ: ಐದು ಅಲೆಗೆರೆ ಒಂದಾಗುವ ಚಿತ್ರ. ಬ್ರಹ್ಮಾವರಕ್ಕೆ ಬಾರಕೂರಿನ ಜೋಡಿಮೀನು, ರೆಕ್ಕೆಪುಕ್ಕ ಬಿಟ್ಟು ಎರಡು ಬಾಗುಗೆರೆಗೆ ಇಳಿಸಿದರೆ ಸಾಕು. ಈ ಮೂರರಲ್ಲಿ ಯಾವುದನ್ನೂ ಕಂಬಕ್ಕೇರಿಸಬೇಕೆಂದು ನಾನು ಹೇಳುತ್ತಿಲ್ಲ. ಹೀಗೆ ಬರೆದು ಕಲಿತ ಮಕ್ಕಳು ನಾಳೆ ನಾಡಧ್ವಜದ ಬಗ್ಗೆ ಕೂಗಾಡದೆ, ತಿಳಿದು ಮಾತಾಡುತ್ತಾರೆ ಎಂಬ ನಂಬಿಕೆ ನನಗಿದೆ.

ತೀರ್ಮಾನವಾಗದೆ ಉಳಿದವು

ಕೇಂದ್ರದ ಒಪ್ಪಿಗೆ ಬಂದಿಲ್ಲ, ಸಂಪುಟದ ನಿರ್ಣಯವೂ ರದ್ದಾಗಿಲ್ಲ. ಒಪ್ಪಿಗೆ ಬೇಕೇಬೇಕೋ, ರಾಜ್ಯ ಶಾಸನ ಮಾಡಿದರೆ ಸಾಕೋ ಎಂಬುದನ್ನು ಯಾವ ನ್ಯಾಯಾಲಯವೂ ನೇರವಾಗಿ ತೀರ್ಮಾನಿಸಿಲ್ಲ. ಒಪ್ಪಿಗೆ ಬಂದರೆ ಹಳೆಯ ಎರಡು ಬಣ್ಣದ ಬಾವುಟದ ಗತಿಯೇನು? ಜನ ಅದನ್ನು ಇಟ್ಟುಕೊಂಡರೆ ನಾಡಿಗೆ ಎರಡು ಬಾವುಟ, ಒಂದು ಕಚೇರಿಗೆ, ಒಂದು ಬೀದಿಗೆ. ಆಗ ಬೆಳಗಾವಿಯಂಥ ಕಡೆ ಯಾವುದಕ್ಕೆ ಕಾನೂನಿನ ರಕ್ಷಣೆ? ಸೀಮೆಗಳ ಬಾವುಟಗಳನ್ನು ಸಂಸ್ಕೃತಿಯ ಗುರುತೆಂದು ಬಿಡುವುದೋ, ಪ್ರತ್ಯೇಕತೆಯೆಂದು ತಡೆಯುವುದೋ ಎಂಬುದನ್ನು ಈಗ ಆಯಾ ಜಿಲ್ಲೆಯ ಅಧಿಕಾರಿಗಳು ಆ ಹೊತ್ತಿಗೆ ತೋಚಿದಂತೆ ತೀರ್ಮಾನಿಸುತ್ತಿದ್ದಾರೆ.

ಇನ್ನೊಂದು ಚಿಕ್ಕ ಪ್ರಶ್ನೆಯನ್ನಂತೂ ಯಾರೂ ಕೈಗೆತ್ತಿಕೊಂಡಂತಿಲ್ಲ. ತ್ರಿವರ್ಣಕ್ಕೆ ಭಾರತೀಯ ಮಾನಕಗಳಲ್ಲೇ ಮೊದಲನೆಯದಾದ ಐಎಸ್ 1 ಇದೆ. ನೂಲು, ಬಣ್ಣದ ಛಾಯೆ, 3:2ರ ಅಳತೆ, 6,300 ಮಿಲಿಮೀಟರಿನಿಂದ 150 ಮಿಲಿಮೀಟರ್ ಉದ್ದದವರೆಗೆ ಒಂಬತ್ತು ಗಾತ್ರ, ಎಲ್ಲ ಅದರಲ್ಲಿ ಗೊತ್ತುಮಾಡಿದೆ. ಹಳದಿ-ಕೆಂಪಿಗೆ ಹಾಗೆ ಗೊತ್ತಾದದ್ದೇನೂ ಇಲ್ಲ. ಒಂದು ಅಂಗಡಿಯಲ್ಲಿ ನಿಂಬೆಯ ಹಳದಿ, ಪಕ್ಕದ ಅಂಗಡಿಯಲ್ಲಿ ಚೆಂಡುಹೂವಿನದು, ಕೆಂಪು ಎಲ್ಲೋ ಕುಂಕುಮ, ಎಲ್ಲೋ ಕಿತ್ತಳೆಯ ಹತ್ತಿರ. ಅರಿಶಿನ ಯಾವ ಹಳದಿ, ಕುಂಕುಮ ಯಾವ ಕೆಂಪು ಎಂದು ಬಣ್ಣದ ತುಂಡು ಅಂಟಿಸಿ ತೋರಿಸಲು ಕೇಂದ್ರದ ಅನುಮತಿ ಕಾಯಬೇಕಿಲ್ಲ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಮನಸ್ಸು ಮಾಡಿದರೆ ಮುಂದಿನ ರಾಜ್ಯೋತ್ಸವದ ಒಳಗೆ ಮಾಡಬಹುದಾದ ಕೆಲಸ ಅದು.